ಉಳಿದ ಎರಡು ಸೀಸೆ ಲಸಿಕೆ

ಡಯಾಲಿಸಿಸ್ ಘಟಕದಲ್ಲಿ ಒಂದೇ ಮನೆಯ ಇಬ್ಬರು ಸೊಸೆಯರಿದ್ದರು. ದೊಡ್ಡವಳು ಘಟಕದ ಮುಖ್ಯಸ್ಥೆ, ಚಿಕ್ಕವಳು ಅವಳ ಕೈಕೆಳಗಿನ ನರ್ಸ್. ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ಮನೆಯಲ್ಲಿ ಸಾಲದೆಂದು ಆಸ್ಪತ್ರೆಗೂ ಅದನ್ನು ಹೊತ್ತು ತಂದಿದ್ದರು.

ಆ ವಾರ ಮುಖ್ಯಸ್ಥೆ ಹೊಸ ಕಟ್ಟಳೆ ತಂದಳು. ಸಿಬ್ಬಂದಿಯೆಲ್ಲ ಪರೀಕ್ಷೆಗೆ ರಕ್ತ ಕೊಡಬೇಕು. ಹೆಪಟೈಟಿಸ್ ಬಿ ತಡೆಯುವ ಪ್ರತಿಕಾಯ ಹತ್ತಕ್ಕಿಂತ ಕಡಿಮೆಯಿದ್ದವರು ಮತ್ತೊಮ್ಮೆ ಬೂಸ್ಟರ್ ಲಸಿಕೆ ಹಾಕಿಸಿಕೊಳ್ಳಬೇಕು. ಅದು ರೋಗಿಗಳಿಗೆ ಮಾಡಿದ ನಿಯಮ. ಅದನ್ನೇ ಎತ್ತಿ ಸಿಬ್ಬಂದಿಯ ತಲೆಗೆ ಕಟ್ಟಿದ್ದಳು. ನಾಲ್ವರಿಗೆ ಚುಚ್ಚುವಷ್ಟರಲ್ಲಿ ಫ್ರಿಜ್ಜಿನಲ್ಲಿ ಎರಡೇ ಸೀಸೆ ಉಳಿದವು. ಹೊಸದು ಬರಲು ಇನ್ನೂ ಒಂದು ತಿಂಗಳು. ಇತ್ತ ಕಿಟಕಿ ಪಕ್ಕದ ಯಂತ್ರದಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವ ದರ್ಜಿಯೊಬ್ಬನ ಪ್ರತಿಕಾಯ ಆರಕ್ಕಿಳಿದಿತ್ತು. ಮೂತ್ರಪಿಂಡ ಕೈಕೊಟ್ಟವರಿಗೆ ಎರಡು ಪಾಲು ಲಸಿಕೆ ಬೇಕು. ಒಂದು ಸೀಸೆ ಹೋದರೂ ಅವನಿಗೆ ಸಾಲದು.

ಮುಖ್ಯಸ್ಥೆ ನರ್ಸನ್ನು ಔಷಧಿ ಕೋಣೆಗೆ ಕರೆದಳು. "ನಿನ್ನದು ನಾಲ್ಕು ಬಂದಿದೆ. ತೋಳು ಕೊಡು."

"ಕೊಡಲ್ಲ. ಅದು ದರ್ಜಿಯವರದ್ದು."

"ನನಗೇ ಪಾಠ ಹೇಳ್ತೀಯಾ?"

"ಹೇಳ್ಬೇಕಾಗಿದೆ." ನರ್ಸ್ ಜೇಬಿನಿಂದ ಹಳೇ ರಕ್ತಪರೀಕ್ಷೆಯ ಚೀಟಿ ತೆಗೆದು ಮೇಜಿಗೆ ಬಡಿದಳು. "ಹದಿನೇಳು ವರ್ಷದ ಹಿಂದೆ ಮೂರನೇ ಡೋಸ್ ಆಗಿ ಎರಡು ತಿಂಗಳಿಗೆ ಮಾಡಿಸಿದ್ದು. ಮುನ್ನೂರ ಇಪ್ಪತ್ತು. ಒಂದ್ಸಲ ಹತ್ತು ದಾಟಿದ್ರೆ ಸಾಕು, ಆಮೇಲೆ ಸಂಖ್ಯೆ ಇಳಿದ್ರೂ ಗಟ್ಟಿ ಮೈಗೆ ನೆನಪಿರುತ್ತೆ, ವೈರಸ್ ಬಂದ್ರೆ ಎದ್ದು ನಿಲ್ಲುತ್ತೆ. ರೋಗಿಗಳ ಮೈ ಹಾಗಲ್ಲ. ಅದಕ್ಕೇ ಅವರಿಗೆ ವರ್ಷಾವರ್ಷ ಪರೀಕ್ಷೆ. ಇದು ನಿಮಗೆ ಗೊತ್ತಿಲ್ಲದ್ದಾ ಅಕ್ಕ?"

ಮುಖ್ಯಸ್ಥೆ ಚೀಟಿಯನ್ನು ನೋಡಿದಳು. ಬಾಗಿಲು ಮುಚ್ಚಿ ದನಿ ತಗ್ಗಿಸಿದಳು. "ನನ್ನ ಹತ್ರ ಅಂಥ ಚೀಟಿ ಇಲ್ಲ ಕಣೇ. ಮೂರು ಡೋಸ್ ಆದ್ಮೇಲೆ ನಾನು ಪರೀಕ್ಷೆ ಮಾಡಿಸ್ಲೇ ಇಲ್ಲ. ಈಗ ನೋಡಿದ್ರೆ ಸೊನ್ನೆ. ನಾನೊಬ್ಬಳೇ ಹಾಕಿಸ್ಕೊಂಡ್ರೆ ಎಲ್ಲರ ಬಾಯಿಗೆ ಬೀಳ್ತಿದ್ದೆ. ಅದಕ್ಕೇ ಎಲ್ಲರಿಗೂ ಕಟ್ಟಳೆ ಮಾಡ್ದೆ, ಕೊನೆಗೆ ನಾನೂ ಹಾಕಿಸ್ಕೊಳ್ಳೋಣ ಅಂತ."

ನರ್ಸಿಗೆ ಅಯ್ಯೋ ಅನಿಸಲಿಲ್ಲ. ಮೈಯೆಲ್ಲ ಉರಿಯಿತು. ಇವಳ ಮಾನ ಉಳಿಯಲೆಂದು ನಾಲ್ಕು ಜನ ಸುಮ್ಮನೆ ಚುಚ್ಚಿಸಿಕೊಂಡಿದ್ದರು. ಎರಡೂ ಸೀಸೆ ಎತ್ತಿಕೊಂಡು ಅವಳು ಹೊರನಡೆದಳು. ಮುಖ್ಯಸ್ಥೆ ತಡೆಯಲಿಲ್ಲ, ಹಿಂದೆಯೇ ಬಂದಳು.

ಚುಚ್ಚಿಸಿಕೊಂಡ ದರ್ಜಿ ತೋಳು ಉಜ್ಜಿಕೊಳ್ಳುತ್ತಾ ನಕ್ಕ. "ನಿಮ್ಮೆಲ್ಲರದೂ ಆಯ್ತಂತೆ. ಮೇಡಂದೂ ಆಯ್ತಾ?"

"ಆಯ್ತು ಆಯ್ತು," ಅಂದಳು ಮುಖ್ಯಸ್ಥೆ ಅವಸರದಲ್ಲಿ.

"ಇಲ್ಲ," ಅಂದಳು ನರ್ಸ್, ಕೊನೆಯ ಹಾಸಿಗೆಗೂ ಕೇಳುವಂತೆ. "ಅವರದು ಆಗಿಲ್ಲ. ಇಷ್ಟು ವರ್ಷ ಲಸಿಕೆ ಮೈಗೆ ಹತ್ತಿತ್ತೋ ಇಲ್ಲವೋ ಅಂತಾನೂ ನೋಡಿಸ್ಕೊಂಡಿಲ್ಲ."

ದರ್ಜಿ ತನ್ನ ತೋಳನ್ನು ನೋಡಿದ, ಆಮೇಲೆ ಮುಖ್ಯಸ್ಥೆಯನ್ನು ನೋಡಿದ. "ನಿಮ್ಮ ಪಾಲಿನ ಲಸಿಕೆ ನನಗೇ ಹಾಕ್ಬಿಟ್ರಾ ತಾಯಿ?" ಅಂದ.