ಉಪ್ಪುನೀರಿಗೆ ಸಾಯದ ಭತ್ತ

ಯಾರಾದರೂ ತಮ್ಮ ಗದ್ದೆಯನ್ನು ಹೊಗಳಿದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಎಪ್ಪತ್ತೇಳನೇ ಇಸವಿಯಲ್ಲಿ ನನ್ನ ಮಗಳು ಊರ್ಮಿಳಾಗೆ ಮೂಲ್ಕಿ ಕಡೆಯ ಸಂಬಂಧ ತಂದ ತ್ಯಾಂಪಣ್ಣ ಹೊಗಳಿದ್ದೂ ಗದ್ದೆಯನ್ನೇ.

"ಹುಡುಗನ ಗದ್ದೆ ಹೊಳೆಬದಿಯಲ್ಲಿ ಉಂಟು, ಶೀನಪ್ಪಣ್ಣ. ಬೇಸಗೆಯಲ್ಲಿ ಸಮುದ್ರದ ಉಪ್ಪುನೀರು ಹೊಳೆಗೆ ಹತ್ತುತ್ತದೆ. ಅದನ್ನೇ ಗದ್ದೆಗೆ ಬಿಡುದು. ಅವರ ಭತ್ತಕ್ಕೆ ಎಂತದೂ ಆಗುದಿಲ್ಲ ಮಾರಾಯ್ರೆ."

ಉಪ್ಪುನೀರಿಗೆ ಭತ್ತವಂತೆ! ಬರಡು ನೆಲ ಇಟ್ಟುಕೊಂಡು ನನ್ನ ಕಣ್ಣಿಗೆ ಮಣ್ಣೆರಚುತ್ತಿದ್ದಾರೆ ಎಂದುಕೊಂಡೆ. ಅವರ ಬೀಜ ಒಂದು ಹಿಡಿ ತರಿಸಿದೆ. ನರಿಮೊಗರಿನ ನಮ್ಮ ಅಂಗಳದಲ್ಲಿ ಎರಡು ಮಡಕೆಗೆ ಒಂದೇ ಮಣ್ಣು ತುಂಬಿ, ಒಂದರಲ್ಲಿ ಅವರದ್ದು, ಇನ್ನೊಂದರಲ್ಲಿ ನಮ್ಮದು ಬಿತ್ತಿದೆ. ಪೈರು ಗೇಣುದ್ದ ಬಂದ ಮೇಲೆ ಚೆಂಬು ನೀರಿಗೆ ಅರ್ಧ ಚಮಚ ಉಪ್ಪು ಕರಗಿಸಿ ದಿನವೂ ಎರಡಕ್ಕೂ ಸಮನಾಗಿ ಹೊಯ್ದೆ.

ಹತ್ತನೇ ದಿನಕ್ಕೆ ನಮ್ಮದು ಒಣಹುಲ್ಲಾಯಿತು. ಅವರದ್ದು ಬೆಳೆಯುವುದನ್ನು ನಿಲ್ಲಿಸಿತ್ತು, ಎಲೆಯ ತುದಿ ಸುಟ್ಟಿತ್ತು. ಆದರೆ ಸುಳಿ ಹಸಿರಾಗಿಯೇ ಇತ್ತು. ಮನೆಯವರೇ ಯಾರೋ ಗುಟ್ಟಾಗಿ ಸಿಹಿನೀರು ಹಾಕುತ್ತಿದ್ದಾರೆ ಎನಿಸಿತು! ಹೆಂಡತಿ ಮೋಹಿನಿಗೆ ಈ ಸಂಬಂಧ ಬಲು ಇಷ್ಟ. ಊರ್ಮಿಳಾ ಕೆಲವು ದಿನಗಳಿಂದ ಮಾತೇ ಆಡುತ್ತಿರಲಿಲ್ಲ, ನಾಚಿಕೆ ಎಂದುಕೊಂಡಿದ್ದೆ. ಇಬ್ಬರ ಮೇಲೂ ಕಣ್ಣಿಟ್ಟೆ.

ಮರುದಿನ ಬೆಳಿಗ್ಗೆ ದನದ ಹಟ್ಟಿಯ ಮರೆಯಲ್ಲಿ ನಿಂತೆ. ಊರ್ಮಿಳಾ ಬಂದು ಅವರ ಮಡಕೆಯ ಮೇಲೆ ಬಗ್ಗಿದಳು. ಓಡಿಹೋಗಿ ಕೈ ಹಿಡಿದೆ. ಅಂಗೈಯಲ್ಲಿ ನೀರಿರಲಿಲ್ಲ, ನಾಲ್ಕೈದು ಹರಳು ಕಲ್ಲುಪ್ಪು ಇತ್ತು.

"ಇದೆಂತ?"

"ದಿನಾ ಇಷ್ಟು ಹೆಚ್ಚಿಗೆ ಹಾಕ್ತಿದ್ದೆ. ಇದು ಸತ್ತರೆ ನೀವು ಆ ಸಂಬಂಧ ಬೇಡ ಹೇಳ್ತೀರಿ ಅಂತ. ದರಿದ್ರದ್ದು, ಸಾಯುದೇ ಇಲ್ಲ."

"ಇಷ್ಟ ಇಲ್ಲ ಅಂತ ಬಾಯಿ ಬಿಟ್ಟು ಹೇಳ್ಲಿಕ್ಕೆ ಎಂತ ಆಗಿತ್ತು ನಿನಗೆ?"

"ಭತ್ತವನ್ನು ಹತ್ತು ದಿನ ಕೇಳಿದ್ರಿ. ನನ್ನನ್ನು ಒಂದು ಸಲ ಕೇಳಿದ್ರಾ, ಅಪ್ಪ?"

ಇಡೀ ಊರನ್ನು ಸಂಶಯದಿಂದ ನೋಡಿದವನು ನಾನು. ಮಗಳ ಮುಖವನ್ನು ಸರಿಯಾಗಿ ನೋಡಿರಲಿಲ್ಲ. ನಾಚಿಕೆಯಾಯಿತು. ಅವಳ ಕೈ ಬಿಟ್ಟೆ.

ಸಂಜೆ ಬಂದ ತ್ಯಾಂಪಣ್ಣ ಮಡಕೆ ನೋಡಿ ಹಿಗ್ಗಿದ. "ನಾನು ಹೇಳ್ಲಿಲ್ವಾ? ಇನ್ನೆಂತ ಸಂಶಯ ನಿಮಗೆ?"

"ಭತ್ತದ ಮೇಲೆ ಒಂದು ಚೂರೂ ಇಲ್ಲ," ಎಂದೆ. "ಹುಡುಗಿಗೆ ಮನಸ್ಸಿಲ್ಲ."