ಇನ್ನೊಂದು ಸಲ

"ಸಾರ್, ಇನ್ನೊಂದು ಸಲ ಮಾಡ್ತೀರಾ? ಫೋಕಸ್ ತಪ್ಪೋಯ್ತು."

ಮಾತು ಬಾಯಿಂದ ಜಾರಿದ್ದು ಬೊರಾಮ್‌ಗೇ ತಿಳಿಯಲಿಲ್ಲ. ಕಿರುಚಿತ್ರ ಮಾಡುವವರ ಕೆಟ್ಟ ಚಟ ಅದು. ಎಲ್ಲಿ ನಿಂತಿದ್ದೇವೆ ಎಂಬ ಪರಿವೆಯೂ ಇರುವುದಿಲ್ಲ.

ಹಡಗು ಕಟ್ಟುವ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಕ್ಕಿದ್ದ ಗ್ಯುಹೊ ಎತ್ತರದಿಂದ ಬಿದ್ದು ಸತ್ತು ಎರಡು ತಿಂಗಳಾಗಿತ್ತು. ಕಂಪನಿಯವರು ಬಂದು ತಪ್ಪೊಪ್ಪಿಕೊಳ್ಳುವ ತನಕ ಹೆಣ ಎತ್ತಲು ಬಿಡುವುದಿಲ್ಲ ಎಂದು ಅವನ ತಾಯಿ ಓಕ್‌ಸುನ್ ಆಸ್ಪತ್ರೆಯ ಶೋಕಗೃಹದಲ್ಲೇ ಕೂತುಬಿಟ್ಟಿದ್ದಳು. ಈ ಹೋರಾಟದ ಚಿತ್ರ ತೆಗೆಯಲು ಬುಸಾನ್ ನಗರದಿಂದ ಕ್ಯಾಮೆರಾ ಹೊತ್ತು ಬಂದ ಬೊರಾಮ್ ಅಲ್ಲೇ ಉಂಡು, ಅಲ್ಲೇ ಮಲಗಿ, ಮನೆಮಗಳೇ ಆಗಿದ್ದಳು.

ಇವತ್ತು ಮ್ಯಾನೇಜರ್ ಕೊನೆಗೂ ಬಂದ. ಊದುಬತ್ತಿ ಹಚ್ಚಿದ. ಸತ್ತವರಿಗೆ ಎರಡು ನಮಸ್ಕಾರ, ಇದ್ದವರಿಗೆ ಒಂದು, ಅದು ಅಲ್ಲಿನ ಪದ್ಧತಿ. ಗ್ಯುಹೊನ ಫೋಟೋಗೆ ಎರಡು ಸಲ ಅಡ್ಡಬಿದ್ದು, ಓಕ್‌ಸುನ್ ಮುಂದೆ ಹಣೆ ನೆಲಕ್ಕಿಟ್ಟು, "ತಪ್ಪು ನಮ್ಮದು, ಅಮ್ಮಾ" ಎಂದ. ಅವಳು ಕಣ್ಣು ಮುಚ್ಚಿ ದೊಡ್ಡದಾಗಿ ಉಸಿರುಬಿಟ್ಟಳು.

ಆಗಲೇ ಬೊರಾಮ್ ಆ ಮಾತು ಆಡಿದ್ದು.

"ಅದಕ್ಕೇನಂತೆ," ಎಂದ ಮ್ಯಾನೇಜರ್. ಟೈ ಸರಿಮಾಡಿಕೊಂಡ. "ಈ ಕಡೆಯಿಂದ ಬರ್ಲಾ? ಬೆಳಕು ಚೆನ್ನಾಗಿದೆ."

ಮತ್ತೆ ಊದುಬತ್ತಿ. ಮತ್ತೆ ಎರಡು, ಮತ್ತೆ ಒಂದು. ಮೊದಲ ಸಲ ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ, ಈ ಸಲ ಪುಣ್ಯಾತ್ಮ ಬಿಕ್ಕಿ ಬಿಕ್ಕಿ ಅತ್ತ. ಎದ್ದು ಮೂಗೊರೆಸಿಕೊಂಡು, "ಈಗ ಬಂತಾ?" ಎಂದು ಬೊರಾಮ್‌ಳನ್ನು ಕೇಳಿದ.

"ಬಂತು ಕಣಯ್ಯ, ಹೊರಡು," ಎಂದಳು ಓಕ್‌ಸುನ್.

"ಅಮ್ಮಾ, ಕ್ಷಮೆ ಕೇಳಿದ್ನಲ್ಲ..."

"ಯಾರನ್ನ ಕೇಳ್ದೆ? ನನ್ನನ್ನೋ, ಇವಳ ಕ್ಯಾಮೆರಾನೋ?"

ಅವನು ಬೂಟು ಹಾಕಿಕೊಂಡು ಹೋದ ಮೇಲೆ ಅವಳು ಬೊರಾಮ್ ಕಡೆ ತಿರುಗಿದಳು.

"ಅಮ್ಮ, ನಾನು..."

"ಅಮ್ಮ ಅನ್ನಬೇಡ. ಮೊದಲನೇದು ಸುಳ್ಳೋ ನಿಜವೋ, ನಾನು ನಂಬಿದ್ದೆ. ಹೊಟ್ಟೆ ತಣ್ಣಗಾಗಿತ್ತು ಕಣೇ. ಅದನ್ನೂ ಕಿತ್ಕೊಂಡೆ."

"ಈ ಸಿನಿಮಾ ಮಾಡ್ತಿರೋದೇ ನಿಮಗೋಸ್ಕರ. ನಾಲ್ಕು ಜನ ನೋಡ್ಲಿ ಅಂತ."

"ನೋಡ್ಲಿ, ಚೆನ್ನಾಗಿ ಅತ್ತಿದಾನೆ." ಓಕ್‌ಸುನ್ ಮಗನ ಫೋಟೋ ಕಡೆ ತಿರುಗಿದಳು. "ಹೆಣ ಇವತ್ತು ಎತ್ತಲ್ಲ. ಆ ಶೀತದ ಪೆಟ್ಟಿಗೇಲೇ ಇರ್ಲಿ ನನ್ನ ಮಗ. ಕೆಳಗೆ ಬಸ್ಸು ಕಾಯ್ತಿದೆ, ಹೋಗಿ ನೀನೇ ಹೇಳಿ ಬಾ."

ಬೊರಾಮ್ ಕೆಳಗಿಳಿದು ಹೇಳಿದಳು. ಶವದ ಬಸ್ಸಿನ ಡ್ರೈವರು ಕಾರಣ ಕೇಳಲಿಲ್ಲ. ಬಿಳಿ ಕೈಗವಸು ಬಿಚ್ಚಿ ಜೇಬಿಗಿಟ್ಟುಕೊಂಡ. ಹಿಂಬಾಗಿಲು ಮುಚ್ಚಿ, ಖಾಲಿ ಬಸ್ಸನ್ನು ನಿಧಾನಕ್ಕೆ ತಿರುಗಿಸಿಕೊಂಡು ಹೋದ.