ಇಪ್ಪತ್ತು ಗೋಡೆಗಳ ಸರಾಸರಿ

ಸರ್ವೇಗೆ ಬಂದ ಸುಶ್ಮಿತಾ ಮೇಡಂ ಉಕ್ಕಿನ ಸ್ಕೇಲನ್ನು ಬಿರುಕಿಗೆ ಅಡ್ಡ ಹಿಡಿದು, ಮೊಬೈಲಿನ ಬೆಳಕು ಬಿಟ್ಟು, "ಮೂವತ್ತೆಂಟು ಮಿಲಿಮೀಟರ್" ಎಂದರು. ಮಗ ಗಣಿತದಲ್ಲಿ ಮೂವತ್ತೆಂಟು ತೆಗೆದು ಪಾಸಾದನೆಂದು ಕೇಳಿದ ತಾಯಿಯ ಹಾಗೆ ಜೈತುನ್ಬೀ ಸೆರಗು ಸರಿಮಾಡಿಕೊಂಡಳು. ಬಿರುಕು ಚೆನ್ನಾಗಿ ಕಾಣಲೆಂದು ಗೋಡೆಗೆ ಒಟ್ಟಿದ್ದ ಹಾಸಿಗೆಗಳನ್ನೆಲ್ಲ ಅವಳು ಬೆಳಿಗ್ಗೆಯೇ ಅಂಗಳಕ್ಕೆ ಹಾಕಿದ್ದಳು.

"ಮ್ಯಾಲಿನ ಪರಸಿ ಕಲ್ಲೂ ಸರದದರಿ ಮೇಡಂ, ಅದೂ ಬರಕೋರಿ."

"ಫಾರಂನಾಗ ಮಾಳಿಗಿಗಿ ಕಾಲಂ ಇಲ್ರಿ ಅಮ್ಮಾ. ಗೋಡಿದು ಅಷ್ಟೇ."

ವಾಡಿಯ ಆಚೆಗಿನ ಈ ಹಳೇ ಓಣಿಯ ಬೆನ್ನಿಗೇ ಸುಣ್ಣದಕಲ್ಲಿನ ಗಣಿ. ಮಧ್ಯಾಹ್ನ ಸೈರನ್ ಆಗುತ್ತದೆ, ಗಣಿಯಲ್ಲಿ ಬಂಡೆ ಸಿಡಿಸುತ್ತಾರೆ, ಅಡುಗೆಮನೆಯ ಡಬ್ಬಿಗಳು ನಡುಗುತ್ತವೆ, ಜನ ಕೈಯಲ್ಲಿದ್ದ ತುತ್ತನ್ನು ಒಂದು ಗಳಿಗೆ ನಿಲ್ಲಿಸಿ ಮತ್ತೆ ಉಣ್ಣುತ್ತಾರೆ. ಅರ್ಜಿಯ ಮೇಲೆ ಅರ್ಜಿ ಹೋಗಿ ಕಡೆಗೆ ಒಂದು ಆದೇಶ ಬಂದಿತ್ತು: ಓಣಿಯ ಇಪ್ಪತ್ತು ಮನೆಗಳಲ್ಲಿ, ಮನೆಗೊಂದರಂತೆ, ಎಲ್ಲಕ್ಕಿಂತ ಅಗಲದ ಬಿರುಕನ್ನು ಅಳೆಯುವುದು, ಸರಾಸರಿ ಐದು ಮಿಲಿಮೀಟರ್ ದಾಟಿದರೆ ಈ ಕಡೆಯ ಸ್ಫೋಟ ಬಂದ್, ದಾಟದಿದ್ದರೆ ಯಥಾಸ್ಥಿತಿ.

ಜೈತುನ್ಬೀಗೆ ಆ ಐದು ಮಿಲಿಮೀಟರ್ ಎಂದರೆ ಮಗಳು ಜಬೀನಾ. ಸುಲೇಪೇಟಕ್ಕೆ ಕೊಟ್ಟ ಹುಡುಗಿ, ಈಗ ಏಳು ತಿಂಗಳ ಬಸುರಿ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಏಳು ತಿಂಗಳ ಶಾಸ್ತ್ರಕ್ಕೆ ಬಂದಿದ್ದ ಬೀಗ ನಬೀಸಾಬ್ ಉಣ್ಣುವಾಗ ತಟ್ಟೆಗಿಂತ ತಲೆಯ ಮೇಲಿನ ಮಾಳಿಗೆಯ ಕಲ್ಲನ್ನೇ ಹೆಚ್ಚು ನೋಡಿದ್ದ. ಕೈ ತೊಳೆದ ಮೇಲೆ, ಸ್ಫೋಟ ನಿಂತು ಗೋಡೆ ಹೊಸದಾಗಿ ಎದ್ದರೆ ಸೊಸೆಯನ್ನು ತಾನೇ ತಂದು ಬಿಡುವುದಾಗಿಯೂ, ಇಲ್ಲವಾದರೆ ಮೊಮ್ಮಗುವಿಗೆ ಕಲ್ಲಿನ ಕೆಳಗೆ ತೊಟ್ಟಿಲು ಕಟ್ಟುವ ಶೋಕಿ ತನಗಿಲ್ಲವೆಂದೂ ಬಹಳ ಮೆತ್ತಗೆ ಹೇಳಿ ಹೋಗಿದ್ದ.

ಅವಳ ಗಂಡ ಗುಲಾಮ ದಸ್ತಗೀರ ಗೌಂಡಿ, ಗಾರೆ ಕೆಲಸದವ. ಗಿಲಾವು ಹೊಡೆದನೆಂದರೆ ಗೋಡೆಯ ಮೇಲೆ ಇರುವೆ ಜಾರಬೇಕು. ತನ್ನ ಮನೆಯ ಬಿರುಕಿಗೂ ಅವನು ಎಷ್ಟೋ ಸಲ ಸಿಮೆಂಟು ತುಂಬಿದ್ದ. ತಿಂಗಳಾಗುವುದರೊಳಗೆ ಅದು ಮತ್ತೆ ಬಾಯಿ ಬಿಡುತ್ತಿತ್ತು. ಗೋಡೆ ಕೆಡವಿ ಕಟ್ಟುವುದೊಂದೇ ದಾರಿ. ನೆಲ ನಡುಗುವುದು ನಿಲ್ಲದೆ ಅದನ್ನು ಕಟ್ಟಿ ಫಾಯದೆ ಇರಲಿಲ್ಲ.

ಸರ್ವೇ ಬರುತ್ತದೆಂದು ಗೊತ್ತಾದ ವಾರ ಅವನಿಗೆ ಪುರಸೊತ್ತೇ ಸಿಗಲಿಲ್ಲ. ಮೊದಲು ಹೇಳಿಕಳಿಸಿದವಳು ಸೂಗಮ್ಮ, ಶಹಾಬಾದಿನ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳುವ ಬಸವಂತರಾಯರ ಹೆಂಡತಿ. ಆಫೀಸಿನ ಮಂದಿ ಒಳಗೆ ಬರುತ್ತಾರೆ, ಫೋಟೋ ಹೊಡೆದುಕೊಳ್ಳುತ್ತಾರೆ, ಆ ಫೋಟೋ ಯಾರ ಮೊಬೈಲಿಗೆ ಹೋಗುತ್ತದೋ ಯಾರು ಬಲ್ಲರು. ಮಗಳು ಬಸವೇಶ್ವರಿಗೆ ಸೇಡಂ ಕಡೆಯ ವರ ಬಂದಿದೆ, ಇಂಥ ಹೊತ್ತಿನಲ್ಲಿ ಅಡುಗೆಮನೆಯ ಗೋಡೆ ಹಾಗಿದ್ದರೆ ಹೇಗೆ ಎಂಬುದು ಅವಳ ಚಿಂತೆ. ದಸ್ತಗೀರ ತುಂಬಿಕೊಟ್ಟ. ಅದನ್ನು ನೋಡಿ ಪಕ್ಕದ ಮನೆಯವರು ಕರೆದರು, ಅವರನ್ನು ನೋಡಿ ಎದುರಿನವರು. ಪರವೂರಿನವರು ಹೊಸ್ತಿಲು ದಾಟುವಾಗ ಗೋಡೆ ನೆಟ್ಟಗಿರಬೇಕೆಂಬುದು ಈ ಓಣಿಯ ಮರ್ಯಾದೆ. ನಮ್ಮದೊಂದು ಮನೆಯಲ್ಲಿ ಬಿರುಕು ಇಲ್ಲದಿದ್ದರೆ ಏನಾಗುತ್ತದೆ, ಉಳಿದವರವು ಇವೆಯಲ್ಲ ಎಂಬುದು ಎಲ್ಲರ ಲೆಕ್ಕ. ಹೀಗೆ ಲೆಕ್ಕ ಹಾಕಿದ ಮನೆಗಳು ಹನ್ನೊಂದು. ಬಸವಂತರಾಯರು ಆ ವಾರ ಪೇಪರ್ ತಿದ್ದುತ್ತಿದ್ದರು. ಗಿಲಾವಿನ ವಾಸನೆ ಬಂದಿತ್ತು, ವಿಚಾರಿಸಲಿಲ್ಲ.

ಮೇಡಂ ಹನ್ನೊಂದು ಮನೆಗಳಲ್ಲೂ ಗೋಡೆ ಸವರಿ, ಏನೂ ಸಿಗದೆ ಹೊರಬಂದಾಗ ದಸ್ತಗೀರನಿಗೆ ಒಳಗೊಳಗೆ ಹೆಮ್ಮೆಯೇ ಆಯಿತು. ಮನೆಮನೆಗೂ ಬೇರೆ ಬೇರೆ ನ್ಯಾಯ ಸಿಗುತ್ತದೆಂದು ಅವನು ತಿಳಿದಿದ್ದ. ತನ್ನ ಮೂವತ್ತೆಂಟು ತನಗೆ, ಅವರ ಸೊನ್ನೆ ಅವರಿಗೆ.

ಸಂಜೆ ಶಾಲೆಯ ಪಡಸಾಲೆಯಲ್ಲಿ ಮೇಡಂ ಮೊಬೈಲಿನಲ್ಲಿ ಕೂಡಿ, ಇಪ್ಪತ್ತರಿಂದ ಭಾಗಿಸಿ, "ನಾಲ್ಕು ಪಾಯಿಂಟ್ ಆರು" ಎಂದರು. ತಪ್ಪಿರಬಹುದೆಂದು ಮತ್ತೊಮ್ಮೆ ಕೂಡಿದರು. ಅಷ್ಟೇ ಬಂತು.

ಬಸವಂತರಾಯರು ಎದ್ದು ನಿಂತರು. ಅರ್ಜಿ ಬರೆದವರೂ ಅವರೇ. ಸರಾಸರಿಯಷ್ಟು ಮೋಸದ ಅಳತೆ ಇನ್ನೊಂದಿಲ್ಲವೆಂದು ಅವರು ಶುರುಮಾಡಿದರು. ಒಬ್ಬನ ಕಾಲು ಒಲೆಯಲ್ಲಿ, ತಲೆ ಐಸಿನಲ್ಲಿ ಇಟ್ಟರೂ ಸರಾಸರಿಗೆ ಅವನು ಆರಾಮ ಇರುತ್ತಾನೆ. ಆದ್ದರಿಂದ ವಿಜ್ಞಾನ ಬಲ್ಲವರು ಮಧ್ಯಾಂಕವನ್ನು ನೋಡುತ್ತಾರೆ, ಅಂಕಿಗಳನ್ನು ಸಾಲಾಗಿ ನಿಲ್ಲಿಸಿ ನಡುವೆ ನಿಂತದ್ದನ್ನು ಕೇಳುತ್ತಾರೆ. ಜನ ತಲೆದೂಗಿದರು. ಕಾಲೇಜಿನಲ್ಲಿ ಅವರಿಗೆ ಇಷ್ಟು ತಲೆಗಳು ಸಿಗುತ್ತಿರಲಿಲ್ಲ.

ಮೇಡಂ ತಾಳ್ಮೆಯ ಹುಡುಗಿ. ಬೋರ್ಡಿನ ಮೇಲೆ ಅಂಕಿಗಳನ್ನು ಸಾಲಾಗಿ ಬರೆದರು. ಸೊನ್ನೆ, ಸೊನ್ನೆ, ಸೊನ್ನೆ ಎಂದು ಬರೆಯುತ್ತ ಹೋಗಿ ಹತ್ತು, ಹನ್ನೊಂದನೆಯ ಜಾಗಕ್ಕೆ ಬಂದಾಗಲೂ ಸೊನ್ನೆಯೇ ಇತ್ತು.

"ಮಧ್ಯಾಂಕ ಸೊನ್ನಿ ಬಂತಲ್ರಿ ಸರ್. ಬಹುಲಕ, ಅಂದ್ರ ಭಾಳ ಸಲ ಬಂದಿದ್ದು, ಅದೂ ಸೊನ್ನಿನೇ. ಸರಾಸರಿನೇ ನಿಮ್ಮ ಕಡಿ ಜರಾ ಮಾತಾಡ್ಲಿಕತ್ತದ."

ಯಾರೋ ನಕ್ಕರು. ದಸ್ತಗೀರ ನಗಲಿಲ್ಲ. ಬೋರ್ಡಿನ ಮೇಲಿನ ಒಂದೊಂದು ಸೊನ್ನೆಯೂ ಅವನ ಕೈಕೆಲಸ. ಅದು ಅವನಿಗೆ ಈಗ ಕಂಡಿತು. ಎದ್ದು ನಿಂತು ಟೋಪಿ ತೆಗೆದು ಮತ್ತೆ ಹಾಕಿಕೊಂಡ.

"ಮೇಡಂ, ಅವು ಸೊನ್ನಿ ಅಲ್ರಿ. ನಾ ತುಂಬೀನ್ರಿ, ಹೋದ ವಾರ. ಕೆರದು ನೋಡ್ರಿ."

ಮೇಡಂ ಪೆನ್ನಿನ ಟೋಪಿ ತೆಗೆದರು. ಮನೆಯ ಮಾಲಕರು ಒಪ್ಪಿದರೆ ಕೆರೆಸಿ ಅಳೆಯಲು ತನ್ನದೇನೂ ಅಡ್ಡಿಯಿಲ್ಲ, ಎಲ್ಲವೂ ಬೇಡ, ಎಂಟು ಮಿಲಿಮೀಟರ್ ದಾಟಿದ ಒಂದೇ ಬಿರುಕು ಸಿಕ್ಕರೂ ಸರಾಸರಿ ಐದರ ಗೆರೆ ದಾಟುತ್ತದೆ ಎಂದರು. ಯಾರ ಮನೆಯಿಂದ ಶುರುಮಾಡಲಿ ಎಂದೂ ಕೇಳಿದರು.

ಎದುರುಮನೆಯವ ತನ್ನ ಗೋಡೆ ಅಜ್ಜನ ಕಾಲದಿಂದ ಹಾಗೇ ಇದೆಯೆಂದ. ಇನ್ನೊಬ್ಬ, ಗೌಂಡಿಗೆ ತನ್ನ ಮನೆ ಬಿದ್ದರೆ ಊರೆಲ್ಲ ಬಿದ್ದಂತೆ ಕಾಣುತ್ತದೆಂದ. ನಿನ್ನೆಯ ತನಕ ಚಹಾ ಕೊಟ್ಟ ಮಂದಿ. ದಸ್ತಗೀರ ಅವರನ್ನು ಬಿಟ್ಟು ಬಸವಂತರಾಯರ ಕಡೆ ತಿರುಗಿದ.

"ಸರ್, ನಿಮ್ಮ ಅಡಗಿಮನಿ ಗೋಡ್ಯಾಗ ನನ್ನ ಕಿರಿಬೆರಳು ಹೋಗ್ತಿತ್ತು. ನೀವು ಶಾಣ್ಯಾರಿದ್ದೀರಿ. ಒಂದು ಹ್ಞೂಂ ಅನ್ರಿ ಸಾಕು. ನಾಳಿ ನಾನೇ ಮತ್ತ ತುಂಬಿಕೊಡ್ತೀನಿ."

ಬಸವಂತರಾಯರು ಉತ್ತರಿಸುವ ಮೊದಲೇ ಹೆಂಗಸರ ಸಾಲಿನಿಂದ ಸೂಗಮ್ಮನ ದನಿ ಬಂತು. "ನಮ್ಮ ಮನ್ಯಾಗ ಬಿರುಕು ಯಾವಾಗಿತ್ತು ಚಾಚಾ? ನಾಳಿ ಸೇಡಂದವರು ಬರಾಕತ್ತಾರ. ಹಿಂಗೆಲ್ಲ ಮಾತಾಡಬ್ಯಾಡ್ರಿ."

ಅವಳ ಪಕ್ಕದಲ್ಲೇ ಜೈತುನ್ಬೀ ಕೂತಿದ್ದಳು. ಸೂಗಮ್ಮನ ಮುಖವನ್ನೇ ನೋಡಿದಳು. ಸೂಗಮ್ಮ ಬೋರ್ಡು ನೋಡುತ್ತಿದ್ದಳು.

ಬಸವಂತರಾಯರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಬಹಳ ಹೊತ್ತು ಒರೆಸಿದರು. "ಇದ್ದರೂ ಸಣ್ಣದಿರಬೇಕು, ದಸ್ತಗೀರ," ಎಂದರು ಕಡೆಗೆ. "ನನಗ ಅಷ್ಟು ಲಕ್ಷ್ಯ ಇಲ್ಲ. ಸರಾಸರಿ ಅನ್ನೋ ಪದ್ಧತಿನೇ ತಪ್ಪದ. ನಾವು ಇನ್ನೊಂದು ಅರ್ಜಿ ಹಾಕೋಣು."

ಮೇಡಂ ಪೆನ್ನಿಗೆ ಟೋಪಿ ಹಾಕಿದರು.

ಮನೆಗೆ ಬಂದ ಮೇಲೆ ಗಂಡಹೆಂಡತಿ ತಮ್ಮ ದಖ್ಖನಿ ಉರ್ದುವಿನಲ್ಲಿ ಆಡಿದ ಮಾತು ಹೆಚ್ಚೇನಿಲ್ಲ. ಹನ್ನೊಂದು ಮನೆಯಲ್ಲಿ ಚಹಾ ಕುಡಿದೆಯಲ್ಲ, ಎಲ್ಲ ಕಡೆ ಸಕ್ಕರೆ ಸರಿಯಾಗಿ ಹಾಕಿದ್ದರಾ ಎಂದು ಅವಳು ಕೇಳಿದಳು. ಅವನು ಹಾಸಿಗೆಗಳನ್ನು ಒಳಗೆ ತಂದು ಒಟ್ಟಿದ. ಆಮೇಲೆ ಅವಳು ಸುಲೇಪೇಟಕ್ಕೆ ಫೋನು ಹಚ್ಚಿ, ಸರ್ಕಾರ ಅಳೆದು ನೋಡಿದೆ, ನಮ್ಮ ಓಣಿಯ ಗೋಡೆಗಳು ಗಟ್ಟಿ ಇವೆಯೆಂದು ಹೇಳಿದೆ ಎಂದಳು. ಆ ಕಡೆಯಿಂದ ನಬೀಸಾಬ್, ಸಂತೋಷ, ಹಾಗಿದ್ದರೆ ನೀವು ಗಟ್ಟಿ ಗೋಡೆಯಲ್ಲೇ ಆರಾಮ ಇರಿ, ಬಾಣಂತನ ನಾವು ನೋಡಿಕೊಳ್ಳುತ್ತೇವೆ ಎಂದ. ಜಬೀನಾಗೆ ಫೋನು ಕೊಡಿ ಎಂದು ಕೇಳುವಷ್ಟರಲ್ಲಿ ಲೈನು ಕಡಿದಿತ್ತು.

ಎರಡು ದಿನ ಕಳೆದು ದಸ್ತಗೀರ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದ. ಕೈಯಲ್ಲಿ ಗಂಟು: ಹಳೇ ಸೀರೆ ಹರಿದು ಹೊಲಿದ ಕೂಸಿಗೆ ಹೊದಿಸುವ ದುಪಟಿ, ಬಾಣಂತಿಗೆ ಅಜವಾನದ ಡಬ್ಬಿ, ಅಂಟಿನ ಉಂಡಿ. ಸುಲೇಪೇಟದ ಬಸ್ಸು ಬಂತು. ಕಂಡಕ್ಟರ್ ಗಂಟು ತೆಗೆದುಕೊಂಡು ಎಷ್ಟು ಟಿಕೇಟು ಎಂದು ಕೇಳಿದ.

"ಮಂದಿ ಯಾರೂ ಇಲ್ರಿ. ಸಾಮಾನು ಅಷ್ಟೇ."

ಕಂಡಕ್ಟರ್ ಗಂಟನ್ನು ಖಾಲಿ ಸೀಟೊಂದರ ಮೇಲೆ, ಕಿಟಕಿಯ ಬದಿಗೆ ಇಟ್ಟ. ಬಸ್ಸು ತಿರುವಿನಲ್ಲಿ ವಾಲಿದಾಗ ಗಂಟು ಗಾಜಿಗೆ ಒರಗಿತು, ಹಾಗೇ ಒರಗಿಕೊಂಡೇ ಹೋಯಿತು.